ಅಮ್ಮನ ಬೆಚ್ಚನೆಯ ಗೋಡೆ

ನನ್ನನ್ನು ಯಾರೂ ಹೋಟೆಲ್ಲಿಗೆ ಊಟಕ್ಕೆ ಕರೆಯುವುದಿಲ್ಲ. ಕರೆದವರು ಒಂದೇ ಸಲ ಕರೆದು ಸುಮ್ಮನಾಗಿದ್ದಾರೆ. ವಿಮಾ ಕಂಪನಿಯ ಪರವಾಗಿ ಹೋಟೆಲುಗಳ ಅಡುಗೆಮನೆ ನೋಡಿ, ಇಲ್ಲಿ ಬೆಂಕಿ ಬೀಳುವ ಸಂಭವ ಎಷ್ಟು, ಬಿದ್ದರೆ ಅದು ಎಲ್ಲಿಯವರೆಗೆ ಓಡೀತು ಎಂದು ಅಳೆದು ಹೇಳುವುದು ನನ್ನ ಕೆಲಸ. ಹಾಗಾಗಿ ಮೆನು ಕೈಗೆ ಬರುವ ಮೊದಲೇ ನನ್ನ ಕಣ್ಣು ಸೂರಿಗೆ ಹೋಗುತ್ತದೆ. ಆಮೇಲೆ ಹಿಂಬಾಗಿಲು ಎಲ್ಲಿದೆ, ಅದಕ್ಕೆ ಅಡ್ಡವಾಗಿ ಯಾವ ಪುಣ್ಯಾತ್ಮ ಎಣ್ಣೆ ಡಬ್ಬ ಪೇರಿಸಿದ್ದಾನೆ ಎಂದು ಹುಡುಕುತ್ತದೆ. ಎದುರಿಗೆ ಕೂತವರ ಗಂಟಲಲ್ಲಿ ತುತ್ತು ಇಳಿಯುವುದಾದರೂ ಹೇಗೆ?

ನನ್ನ ತಮ್ಮ ಸ್ವಂತ ಹೋಟೆಲು ಹಾಕಿದಾಗ ನನಗೆ ಮೊದಲು ಹೇಳಿದ ಮಾತೇ ಇದು. "ಅಕ್ಕ, ಅಮ್ಮನ್ನ ನೋಡ್ಬೇಕು ಅನ್ಸಿದ್ರೆ ನಾನೇ ನಿನ್ನ ಮನೆಗೆ ಕರ್ಕೊಂಡು ಬರ್ತೀನಿ. ನೀನು ಮಾತ್ರ ಈ ಕಡೆ ಬರಬೇಡ. ನೀನು ಸೂರು ನೋಡೋ ಚಂದಕ್ಕೆ ಗಿರಾಕಿಗಳು ಎದ್ದು ಓಡ್ತಾರೆ."

ನಕ್ಕು ಒಪ್ಪಿಕೊಂಡಿದ್ದೆ. ಹೇಗಿದ್ದರೂ ಬಂಧುಗಳ ಅಂಗಡಿಯನ್ನು ನಾವೇ ಪರೀಕ್ಷಿಸುವಂತಿಲ್ಲ ಎಂಬುದು ಕಂಪನಿಯ ನಿಯಮ. ತಮ್ಮನ ಹೋಟೆಲಿಗೆ ಹೋಗಿಬರುತ್ತಿದ್ದವರು ನನ್ನ ಮೇಲಿನವರು, ನನಗೆ ಕೆಲಸ ಕಲಿಸಿದವರು. ಬಾಗಿಲಲ್ಲಿ ನಿಂತು ಒಂದು ಸಲ ಉಸಿರೆಳೆದರೆ ಸಾಕು, ಜಿಡ್ಡು ಹೊಸದೋ ಹಳೆಯದೋ ಹೇಳಿಬಿಡುತ್ತಾರೆ. ಅದಕ್ಕೇ ಆಫೀಸಿನಲ್ಲಿ ಅವರಿಗೆ ಮೂಗಣ್ಣ ಎಂದು ಹೆಸರು.

ಚಳಿಗಾಲ ಶುರುವಾದ ಮೇಲೆ ಅವರು ಅಲ್ಲಿಗೆ ಹೋಗಿಬಂದು ನನ್ನ ಮೇಜಿನ ಬಳಿ ನಿಂತು ಹೇಳಿದ್ದರು: "ನಿನ್ನ ತಮ್ಮನ ಅಡುಗೆಮನೆ ನೋಡಿ ಕಣ್ಣು ತಣ್ಣಗಾಯ್ತು ಕಣಮ್ಮ. ಒಲೆ ಮೇಲಿನ ಚಿಮಣಿ ಇದೆಯಲ್ಲ, ಅದರಲ್ಲಿ ಮುಖ ನೋಡ್ಕೊಂಡು ಮೀಸೆ ತಿದ್ದಬಹುದು. ಹೊಸದಾಗಿ ಇದ್ದಿಲ ಒಲೆ ಹಾಕಿದಾನೆ, ಅದನ್ನೂ ಅಚ್ಚುಕಟ್ಟಾಗಿ ಇಟ್ಟಿದಾನೆ."

"ಮೇಲೆ ಹೋಗಿದ್ರಾ?" ಎಂದು ಕೇಳಿದೆ. ಹೊಗೆ ಒಯ್ಯುವ ತಗಡಿನ ಕೊಳವೆ, ನಮ್ಮವರು ಡಕ್ಟ್ ಎನ್ನುವುದು, ಅಡುಗೆಮನೆಯಿಂದ, ತಮ್ಮನೂ ಅಮ್ಮನೂ ಇರುವ ಮೇಲಿನ ಮನೆಯ ಮೂಲಕವೇ ಛಾವಣಿಗೆ ಹೋಗಬೇಕು.

"ಮೆಟ್ಟಿಲವರೆಗೂ ಹೋದೆ. ಅಮ್ಮ ಈಗಷ್ಟೇ ಮಲಗಿದಾರೆ ಸಾರ್ ಅಂದ. ಮನೆ ನಮ್ಮ ಪಾಲಿಸಿಗೆ ಬರಲ್ಲ. ವಯಸ್ಸಾದವರ ನಿದ್ದೆ ಕೆಡಿಸೋದು ಯಾಕೆ ಅಂತ ಬಂದ್ಬಿಟ್ಟೆ."

ಒಳ್ಳೆಯದಾಯಿತು ಎಂದೆ. ನನಗೆ ಹೆಮ್ಮೆಯೇ ಆಗಿತ್ತು. ಮನೆಯಲ್ಲಿ ನಾನು ಕೊರೆದದ್ದು ತಮ್ಮನ ಕಿವಿಗೆ ಅಷ್ಟಾದರೂ ಬಿದ್ದಿದೆಯಲ್ಲ ಎಂದುಕೊಂಡೆ.

ಆ ಹೋಟೆಲಿಗೆ ನಾನು ಕಾಲಿಡಬೇಕಾಗಿ ಬಂದದ್ದು ಬೆಂಕಿಯ ವಿಷಯಕ್ಕಲ್ಲ, ಇಸ್ತ್ರಿಪೆಟ್ಟಿಗೆಯ ವಿಷಯಕ್ಕೆ. ಒಂದು ದಿನ ತಮ್ಮನ ಹೆಂಡತಿ ಫೋನು ಮಾಡಿದಳು.

"ಅಕ್ಕ, ನೀವೇ ಬಂದು ನ್ಯಾಯ ಹೇಳಿ. ಅತ್ತೆ ಬಟ್ಟೇನೆಲ್ಲ ನಾನು ಇಸ್ತ್ರಿ ಹಾಕಿ ಸುಡ್ತಿದೀನಂತೆ. ಬೇಕು ಅಂತಲೇ ಸುಡ್ತಿದೀನಂತೆ. ಕೇಳಿ ಕೇಳಿ ಸಾಕಾಗಿ ಪೆಟ್ಟಿಗೇನೇ ತಗೊಂಡ್ಹೋಗಿ ಕಸಕ್ಕೆ ಹಾಕಿದೆ. ಆಮೇಲೂ ಸುಡ್ತಾನೇ ಇದೆ! ಈಗ, ಎಲ್ಲೋ ಇನ್ನೊಂದು ಬಚ್ಚಿಟ್ಟಿದೀಯ ಅಂತಾರೆ."

"ಅವನೇನಂತಾನೆ?"

"ಅವರಾ? ಅಮ್ಮನಿಗೆ ವಯಸ್ಸಾಯ್ತು, ನೀನೇ ಸ್ವಲ್ಪ ತಗ್ಗಿ ಹೋಗು ಅಂತಾರೆ."

ಅತ್ತೆ ಸೊಸೆ ಜಗಳದಲ್ಲಿ ತಲೆ ಹಾಕಿದವರಿಗೆ ಎರಡೂ ಕಡೆಯಿಂದ ಏಟು ಎಂದು ಗೊತ್ತು. ಆದರೂ ಹೋದೆ. ನಮ್ಮಮ್ಮನ ನಾಲಿಗೆಯ ಅಳತೆ ನನಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಆ ಹುಡುಗಿಯ ಪಾಡು ನೆನೆದು ಕನಿಕರವಾಯಿತು.

ರಜೆಯ ದಿನ, ಮಧ್ಯಾಹ್ನದ ಊಟದ ಹೊತ್ತು. ಹೋಟೆಲಿನ ಹೊರಗೆ ಬೆಂಚಿನ ಮೇಲೆ ಜನ ಕಾಯುತ್ತ ಕೂತಿದ್ದರು. ಹಲ್ಲು ಕಟಕಟಿಸುವ ಚಳಿಯಲ್ಲೂ ಯಾರೂ ಎದ್ದು ಹೋಗುವಂತೆ ಕಾಣಲಿಲ್ಲ. ಇದ್ದಿಲ ಒಲೆಯ ಮೇಲೆ ಸುಟ್ಟ ಮಾಂಸದ ಘಮ ಬೀದಿಯ ತಿರುವಿನವರೆಗೂ ಹರಡಿತ್ತು. ಕೊಟ್ಟ ಮಾತಿನಂತೆ ಸೂರಿನ ಕಡೆ ಕತ್ತೆತ್ತದೆ, ಪಕ್ಕದ ಮೆಟ್ಟಿಲು ಹಿಡಿದು ಮೇಲಕ್ಕೆ ಹೋದೆ.

ಬಾಗಿಲಲ್ಲೇ ಅಮ್ಮನ ವಿಚಾರಣೆ ಶುರುವಾಯಿತು. ಕೂರು, ನೀರು ಕುಡಿ ಏನೂ ಇಲ್ಲ.

"ಬಂದ್ಯಾ? ನೋಡು ನಿನ್ನ ತಮ್ಮನ ಹೆಂಡ್ತಿ ಕೈಗುಣ!" ಎಂದು ಮಡಿಲಲ್ಲಿದ್ದ ಶಾಲನ್ನು ನನ್ನ ಮೇಲೆ ಎಸೆದಳು. ಸೊಸೆ ಬಾಗಿಲಿಗೆ ಒರಗಿ ನಿಂತು, ನೋಡಿದ್ರಾ ಎಂಬಂತೆ ನನ್ನನ್ನು ನೋಡಿದಳು.

ಶಾಲನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಸುಟ್ಟದ್ದೇನೋ ನಿಜ. ಆದರೆ ಇಸ್ತ್ರಿಪೆಟ್ಟಿಗೆ ಸುಟ್ಟರೆ ಅದರ ಮೂತಿಯ ಗುರುತು ಬೀಳುತ್ತದೆ, ಮುಂದೆ ಚೂಪು, ಹಿಂದೆ ಅಗಲ. ಇಲ್ಲಿದ್ದದ್ದು ಗೆರೆ. ಅಡ್ಡಪಟ್ಟಿ ಇಟ್ಟು ಎಳೆದಂಥ ನೇರವಾದ ಕಂದು ಗೆರೆ, ಗೆರೆಯ ಉದ್ದಕ್ಕೂ ಒಂದೇ ಅಂತರದಲ್ಲಿ ಪುಟ್ಟ ಪುಟ್ಟ ಕಪ್ಪು ಚುಕ್ಕಿಗಳು.

ಆ ಚುಕ್ಕಿಗಳನ್ನು ನಾನು ಎಷ್ಟು ಅಡುಗೆಮನೆಗಳಲ್ಲಿ ನೋಡಿದ್ದೇನೋ ಲೆಕ್ಕವಿಲ್ಲ. ತಗಡಿಗೆ ತಗಡು ಸೇರಿಸುವಾಗ ಹೊಡೆಯುವ ತಿರುಪುಗಳ ತಲೆ ಅವು. ಡಕ್ಟಿನ ಜೋಡಣೆ.

"ಇದು ಎಲ್ಲಿತ್ತಮ್ಮ?"

"ಎಲ್ಲಿರತ್ತೆ, ಅಲಮಾರಿಯಲ್ಲಿ."

ಆಗ ಕೋಣೆಯನ್ನು ನೋಡಿದೆ. ಬಂದಾಗಿನಿಂದ ಕೋಟು ಬಿಚ್ಚಿ ತೋಳಿಗೆ ಹಾಕಿಕೊಂಡಿದ್ದೆ ಎಂಬುದೂ ಆಗಲೇ ಗಮನಕ್ಕೆ ಬಂತು. ಹೀಟರ್ ಎಲ್ಲೂ ಕಾಣಲಿಲ್ಲ. ಮೂಲೆಯಲ್ಲಿ ಹಲಗೆ ಹೊಡೆದು ಬಣ್ಣ ಬಳಿದ ಒಂದು ಕಂಬದಂಥ ಗೋಡೆ. ಅದರ ಒಂದು ಮಗ್ಗುಲಿಗೆ ಅಮ್ಮನ ಮಂಚ, ಇನ್ನೊಂದು ಮಗ್ಗುಲಿಗೆ ಅಲಮಾರಿ. ಅಮ್ಮ ಆ ಗೋಡೆಗೆ ಬೆನ್ನು ಕೊಟ್ಟು, ಒಲೆ ಮುಂದಿನ ಬೆಕ್ಕಿನ ಹಾಗೆ ಕೂತಿದ್ದಳು.

ಅಲಮಾರಿಯ ಬಾಗಿಲು ತೆರೆದೆ. ನೇತುಹಾಕಿದ ಬಟ್ಟೆಗಳನ್ನು ಎರಡೂ ಕೈಯಲ್ಲಿ ಸರಿಸಿದೆ. ಮುಖಕ್ಕೆ ರಪ್ಪನೆ ಬಿಸಿ ಬಡಿಯಿತು. ಅಲಮಾರಿಗೆ ಬೆನ್ನೇ ಇರಲಿಲ್ಲ. ಬೆನ್ನಿನ ಹಲಗೆ ಇರಬೇಕಾದ ಕಡೆ ಬರಿಯ ತಗಡಿನ ಡಕ್ಟು. ಅದರ ಮೇಲೆ ಸುತ್ತಿರಬೇಕಾದ, ಬಿಸಿ ತಡೆಯುವ ಗಾಜಿನ ಉಣ್ಣೆಯ ಹೊದಿಕೆ ಇಲ್ಲ, ಕವಚ ಇಲ್ಲ, ಏನೂ ಇಲ್ಲ. ಹಿಂಗೈಯನ್ನು ಹತ್ತಿರ ಒಯ್ದವಳು ಮುಟ್ಟುವ ಮೊದಲೇ ಹಿಂದಕ್ಕೆಳೆದುಕೊಂಡೆ. ಎರಡೂ ಕಡೆಯ ಮರ ಕಾಫಿ ಬಣ್ಣಕ್ಕೆ ತಿರುಗಿತ್ತು. ದಿನವೂ ಬಿಸಿಯುಂಡ ಮರ ದಿನದಿಂದ ದಿನಕ್ಕೆ ಕಡಿಮೆ ಬಿಸಿಗೇ ಹೊತ್ತಿಕೊಳ್ಳುವ ಹಾಗಾಗುತ್ತದೆ. ಇದನ್ನು ನಾನು ಕಂಡವರಿಗೆಲ್ಲ ಪಾಠ ಮಾಡಿದ್ದೇನೆ.

"ಇದನ್ನ... ಇದನ್ನ ಯಾರು ಮಾಡಿದ್ದು?" ಎಂದು ಕೇಳಿದೆ.

ಅತ್ತೆ ಸೊಸೆ ಇಬ್ಬರ ಮುಖವೂ ಅರಳಿತು. ಆ ಮನೆಯಲ್ಲಿ ಇಬ್ಬರೂ ಒಪ್ಪುವ ವಿಷಯ ಅದೊಂದೇ ಇರಬೇಕು.

"ನನ್ನ ಮಗ ಕಣೇ," ಎಂದಳು ಅಮ್ಮ. "ಚಳಿಗೆ ಮೊಣಕಾಲು ಹಿಡ್ಕೊಂಡು ಕಣ್ಣು ಮುಚ್ಚಕ್ಕಾಗ್ತಿರಲಿಲ್ಲ. ಒಳಗೆ ಇಷ್ಟು ಬಿಸಿ ಸುಮ್ನೆ ಆಕಾಶಕ್ಕೆ ಹೋಗ್ತಿದೆ, ನಮ್ಮಮ್ಮನಿಗಾದ್ರೂ ಆಗ್ಲಿ ಅಂತ ಅವನೇ ನಿಂತು ಹಲಗೆ ಬಿಚ್ಚಿಸಿ, ಆ ಸುತ್ತಿದ್ದನ್ನೆಲ್ಲ ಕೀಳಿಸಿದ. ನಿನ್ನ ಮನೆ ಐಸ್ ಪೆಟ್ಟಿಗೆ. ಇಲ್ಲಿ ನೋಡು, ಬೆನ್ನು ಕೊಟ್ರೆ ಸಾಕು, ನಿದ್ದೆ."

"ಕ್ಲೀನ್ ಮಾಡೋರು ಯಾವಾಗ ಬಂದಿದ್ರು?"

ಸೊಸೆ ಹೇಳಿದಳು: "ಬಂದಿದ್ರು ಅಕ್ಕ. ಈ ಅಲಮಾರಿ ಒಳಗಿಂದ ಕೊಳವೆ ಮುಚ್ಚಳ ತೆಗೆದು ಕೆರೀಬೇಕು ಅಂದ್ರು. ಅತ್ತೆ ಕೋಣೆಯೆಲ್ಲ ಮಸಿ ಆಗತ್ತೆ ಅಂತ ಇವರು, ಕೆಳಗೆ ಕೈಗೆ ಸಿಕ್ಕಷ್ಟು ಮಾಡಿ ಅಂತ ಕಳಿಸಿದ್ರು. ಕೆಳಗೆ ಎಷ್ಟು ಥಳಥಳ ಅಂತಿದೆ, ಬೇಕಾದ್ರೆ ಹೋಗಿ ನೋಡಿ."

ಡಕ್ಟಿನ ಮೇಲೆ ಅಂಗೈಯಗಲದ ಒಂದು ಮುಚ್ಚಳವಿತ್ತು, ಒಳಗೆ ಕೆರೆದು ತೆಗೆಯಲು ಇಟ್ಟದ್ದು. ಕೈಗೆ ಟವೆಲ್ ಸುತ್ತಿಕೊಂಡು ಅದನ್ನು ಸರಿಸಿ, ಫೋನಿನ ದೀಪ ಹಾಕಿದೆ. ಒಳಗೋಡೆಗೆ ಕಪ್ಪು ಜಿಡ್ಡು ಕೊಬ್ಬಿದ ಹೊಟ್ಟೆಯ ಹಾಗೆ ಉಬ್ಬಿ ನಿಂತಿತ್ತು. ಬಿಸಿಗೆ ಮೈ ಬೆವರಿ, ಹನಿಹನಿಯಾಗಿ ಕೆಳಗಿನ ಕತ್ತಲೆಗೆ ಜಾರುತ್ತಿತ್ತು. ಕೆಳಗೆ ಯಾರೋ ಕೆಂಡದ ಮೇಲೆ ಮಾಂಸ ಮಗುಚಿದರೇನೋ, ಚುಂಯ್ ಎಂದಿತು. ಸ್ವಲ್ಪ ಹೊತ್ತಿಗೆ ತಗಡು ಟಕ್, ಟಕ್ ಎಂದು ಹಿಗ್ಗಿತು.

"ಅದು ದಿನಾ ಹಾಗೇ ಮಾತಾಡತ್ತೆ," ಎಂದಳು ಅಮ್ಮ. "ನಂಗೆ ಜೊತೆ."

ಮುಚ್ಚಳ ಹಾಕಿದೆ. ಸುಟ್ಟು ಕರಕಲಾದ ಹೋಟೆಲುಗಳನ್ನು ನೋಡಿದ್ದೇನೆ. ಆಗ ನಾನು ಟಿಪ್ಪಣಿ ಬರೆದುಕೊಳ್ಳುವವಳು, ಸುಟ್ಟದ್ದು ಬೇರೆಯವರದು. ಇಲ್ಲಿ ಒಂದು ಜ್ವಾಲೆ ಚಿಮಣಿಯೊಳಗೆ ನೆಗೆದರೆ ಮುಂದಿನದು ಎಲ್ಲಿಗೆ ಬರುತ್ತದೆ ಎಂದು ಬೆರಳಿಟ್ಟು ತೋರಿಸಬಹುದಿತ್ತು. ಅಮ್ಮನ ಬೆನ್ನಿಗೆ.

"ಅಮ್ಮ, ಏಳು. ಈಗಲೇ ಏಳು."

"ಎಲ್ಲಿಗೇಳ್ಲಿ? ನ್ಯಾಯ ಹೇಳಕ್ಕೆ ಬಂದವಳು ನನ್ನನ್ನೇ ಎಬ್ಬಿಸ್ತೀಯಲ್ಲ! ನಿಂಗೆ ಎಲ್ಲಿ ನೋಡಿದ್ರೂ ಬೆಂಕಿ. ಹುಟ್ಟಿದಾಗಿಂದ ಕಿರಿಕಿರಿ."

ಅವಳ ಜೊತೆ ವಾದಿಸುತ್ತ ನಿಲ್ಲಲು ಹೊತ್ತಿರಲಿಲ್ಲ. ಅವಳ ಹತ್ತಿರ ಇರು ಎಂದು ಸೊಸೆಗೆ ಹೇಳಿ, ಎರಡೆರಡು ಮೆಟ್ಟಿಲು ಹಾರಿ ಕೆಳಗೆ ಓಡಿದೆ.

ಅಡುಗೆಮನೆ ಮೂಗಣ್ಣ ಹೇಳಿದ ಹಾಗೇ ಇತ್ತು. ಸ್ಟೀಲೆಲ್ಲ ಕನ್ನಡಿ. ಚಿಮಣಿಯಲ್ಲಿ ನನ್ನ ಮುಖ ಕಂಡಿತು, ಬಿಳಿಚಿಕೊಂಡ ಮುಖ. ಇದ್ದಿಲ ಒಲೆಯ ಮುಂದೆ ಮುಖ್ಯ ಅಡುಗೆಯವನು ಇಕ್ಕಳ ಹಿಡಿದು ನಿಂತಿದ್ದ, ನನ್ನ ತಮ್ಮ ತಟ್ಟೆಗಳ ಅಂಚು ಒರೆಸಿ ಹೊರಗೆ ಕಳಿಸುತ್ತಿದ್ದ.

"ಒಲೆ ಆರಿಸು," ಎಂದೆ.

"ಅಕ್ಕ! ನಿಂಗೆ ಹೇಳಿದ್ದೆ ತಾನೆ..." ಅವನು ನಗುತ್ತಲೇ ಇದ್ದ.

"ಅಮ್ಮನ ಅಲಮಾರಿ ನೋಡಿ ಬಂದೆ. ಆರಿಸು ಒಲೆ."

ನಗು ಇಳಿಯಿತು. ನನ್ನ ತೋಳು ಹಿಡಿದು ಗೋಡೆಯ ಪಕ್ಕಕ್ಕೆ ಎಳೆದುಕೊಂಡ. "ಹೊರಗೆ ಒಂದು ಕುರ್ಚಿ ಖಾಲಿ ಇಲ್ಲ. ಈ ಊಟದ ಹೊತ್ತು ಮುಗೀಲಿ, ಕೂತು ಮಾತಾಡೋಣ."

"ಮೇಲೆ ಅಮ್ಮ ಇದಾಳೋ!"

"ಇಷ್ಟು ದಿನ ಏನಾಗಿದೆ ಹೇಳು? ಏನೂ ಆಗಿಲ್ಲ. ನೀನು ಬೆಂಕಿ ಸುದ್ದಿ ಹೇಳಿ ಹೇಳಿ ಎಲ್ಲರನ್ನೂ ಹೆದರಿಸ್ತೀಯ. ಮನೆಗೆ ಮಾರಿ, ಊರಿಗೆ ಉಪಕಾರಿ. ನಿನ್ನ ಕಂಪನಿಗೆ ಒಂದು ಮಾತು ಹೋದ್ರೆ ಪಾಲಿಸಿ ರದ್ದು, ನನ್ನ ಬಾಗಿಲು ಬಂದ್, ಅಷ್ಟು ಗೊತ್ತಾ?"

ಅಡುಗೆಯವನು ಇಕ್ಕಳ ಎತ್ತಿ ಹಿಡಿದೇ ನಿಂತಿದ್ದ. ಅವನ ಕಣ್ಣು ನಮ್ಮಿಬ್ಬರನ್ನೂ ದಾಟಿ ಬಾಗಿಲ ಕಡೆ ಹೋಯಿತು. ಅಮ್ಮನ ಹತ್ತಿರ ಇರು ಎಂದಿದ್ದರೂ ತಮ್ಮನ ಹೆಂಡತಿ ನನ್ನ ಹಿಂದೆಯೇ ಬಂದಿದ್ದಳು. ಹೋಟೆಲು ಅವಳ ಹೆಸರಿನಲ್ಲಿತ್ತು, ಪರವಾನಗಿಯೂ ಪಾಲಿಸಿಯೂ ಅವಳ ಹೆಸರಿನಲ್ಲೇ.

"ಅಕ್ಕ, ಬಟ್ಟೆ ಸುಡ್ತಿರೋದು ಆ ಕೊಳವೆನಾ?" ಎಂದು ಕೇಳಿದಳು.

"ಹೌದಮ್ಮ. ನಿನ್ನ ಕೈ ಅಲ್ಲ, ಅದು."

ಅವಳು ಅಡುಗೆಯವನಿಗೆ ಹೇಳಿದಳು: "ಕೆಂಡ ಎತ್ತಿ. ಎಲ್ಲಾ ಎತ್ತಿ ತೊಟ್ಟಿಗೆ ಹಾಕಿ, ಮುಚ್ಚಳ ಹಾಕಿ. ಗ್ಯಾಸೂ ಬಂದ್ ಮಾಡಿ."

ತಮ್ಮ ತಡೆಯಲು ಬಾಯಿ ತೆರೆದ. ಅಡುಗೆಯವನು ಅಷ್ಟರಲ್ಲಿ ಸಲಿಕೆ ಕೈಗೆತ್ತಿಕೊಂಡಿದ್ದ. ಹೆದರಿದ್ದನೋ, ಅವನಿಗೂ ಒಳಗೊಳಗೇ ಏನೋ ಅನ್ನಿಸಿತ್ತೋ, ಕೆಂಡವನ್ನೆಲ್ಲ ಕಬ್ಬಿಣದ ತೊಟ್ಟಿಗೆ ಸುರಿದು ದಢಾರನೆ ಮುಚ್ಚಿದ.

ಅಮ್ಮನನ್ನು ಎಬ್ಬಿಸಲು ಮೂವರೂ ಮೇಲೆ ಹೋದೆವು. ಮೆಟ್ಟಿಲಲ್ಲಿ ತಮ್ಮ ಮೆತ್ತಗಾಗಿದ್ದ. "ನಂಗೆ ಇದೆಲ್ಲ ಎಲ್ಲಿ ಹೊಳೀತು ಅಕ್ಕ? ಅಮ್ಮ ನರಳ್ತಿದ್ಲು, ನೋಡಕ್ಕಾಗಲಿಲ್ಲ," ಎಂದ. ನನ್ನ ಕೋಪ ಕರಗಿತು. ಹೆತ್ತವಳ ನೋವು ನೋಡಲಾರದೆ ಮಾಡಿದ ತಪ್ಪು, ಬೈದು ಏನು ಪ್ರಯೋಜನ? ಅವನ ಬೆನ್ನ ಮೇಲೆ ಕೈಯಿಟ್ಟೆ. ದೀಪದ ಬುಡದಲ್ಲಿ ಕತ್ತಲೆ ಅನ್ನುವುದು ಸುಳ್ಳಲ್ಲ. ಊರಿಗೆಲ್ಲ ಹೇಳುವವಳು ಒಂದು ಸಲ ಇಲ್ಲಿಗೆ ಬಂದಿದ್ದರೆ ಮುಗಿಯುತ್ತಿತ್ತಲ್ಲ ಎಂದು ನನ್ನನ್ನೇ ಬೈದುಕೊಂಡೆ.

ತಗಡು ಇನ್ನೂ ಕಾದೇ ಇತ್ತು. ಬಟ್ಟೆಗಳನ್ನಾದರೂ ಹೊರಗೆಳೆಯೋಣವೆಂದು ಅಲಮಾರಿಯೊಳಗೆ ಬಗ್ಗಿ, ನೇತುಹಾಕುವ ಸರಳಿನಿಂದ ಒಂದೊಂದಾಗಿ ತೆಗೆದು ಸೊಸೆಯ ಕೈಗೆ ಕೊಡುತ್ತ ಬಂದೆ. ಬಟ್ಟೆಯೆಲ್ಲ ಖಾಲಿಯಾದಾಗ ಸರಳು ಕಂಡಿತು. ಅದರ ಹಿಂದೆ, ಡಕ್ಟಿಗೆ ಹತ್ತಿರವಾಗಿ, ಮರದಲ್ಲಿ ತಿರುಪಿನ ಹಳೆಯ ತೂತುಗಳಿದ್ದವು. ಸರಳು ಮೊದಲು ಅಲ್ಲಿತ್ತು. ಯಾರೋ ಅದನ್ನು ಬಿಚ್ಚಿ ಒಂದು ಗೇಣು ಮುಂದಕ್ಕೆ ತಂದು ಕೂರಿಸಿದ್ದರು. ಆದರೂ ಬಟ್ಟೆ ಹಿಂದಕ್ಕೆ ಒತ್ತಿದರೆ ತಗಡಿಗೆ ತಾಗುತ್ತಿತ್ತು. ಹೊಸ ತಿರುಪಿನ ಸುತ್ತ ಮರದ ಪುಡಿ ಇನ್ನೂ ಬೆಳ್ಳಗೆ ಅಂಟಿಕೊಂಡಿತ್ತು.

ನಾನು ಹಾಗೇ ಬಗ್ಗಿಕೊಂಡೇ ಇದ್ದೆ. ಎದ್ದು ನಿಂತು ತಿರುಗಲು ಧೈರ್ಯ ಸಾಲಲಿಲ್ಲ. ಬಟ್ಟೆ ತಗಡಿಗೆ ತಾಗದಿರಲಿ ಎಂದಲ್ಲದೆ ಬೇರೆ ಯಾವ ಕಾರಣಕ್ಕೂ ಯಾರೂ ಆ ಸರಳನ್ನು ಅಲ್ಲಿಂದ ಸರಿಸುವುದಿಲ್ಲ.

"ಈ ಸರಳನ್ನ ಮುಂದಕ್ಕೆ ಹಾಕಿದ್ದು ಯಾರು?"

"ಯಾವ ಸರಳು?" ಎಂದಳು ಸೊಸೆ. ಅಮ್ಮನಿಗೆ ತಿರುಪುಳಿ ಹಿಡಿಯುವುದಿರಲಿ, ಚಮಚ ಹಿಡಿದರೂ ಕೈ ನಡುಗುತ್ತದೆ. ಉಳಿದವನು ಒಬ್ಬನೇ.

ತಮ್ಮ ಕಿಟಕಿಯ ಕಡೆ ನೋಡುತ್ತಿದ್ದ.

ನನಗಿಂತ ಮೊದಲು ಅವನ ಹೆಂಡತಿಗೆ ಪೂರ್ತಿ ಅರ್ಥವಾಯಿತು. ಅವಳ ಕೈಯಲ್ಲಿದ್ದ ಬಟ್ಟೆಗಳು ಒಂದೊಂದಾಗಿ ನೆಲಕ್ಕೆ ಜಾರಿದವು. "ನಿಮಗೆ ಗೊತ್ತಿತ್ತು," ಎಂದಳು. "ಸುಡ್ತಿರೋದು ಯಾವುದು ಅಂತ ಗೊತ್ತಿತ್ತು. ನಾನು ಅವತ್ತು ಅಳ್ತಾ ಇಸ್ತ್ರಿಪೆಟ್ಟಿಗೆ ತಗೊಂಡು ಕಸಕ್ಕೆ ಹಾಕಕ್ಕೆ ಹೋದೆನಲ್ಲ, ಬಾಗಿಲು ತೆಗೆದು ಕೊಟ್ಟವರು ನೀವೇ ಅಲ್ವಾ?"

ಅವನು ನೆಲದ ಮೇಲಿನ ಬಟ್ಟೆ ಎತ್ತಲು ಬಗ್ಗಿದ.

"ಹೌದೇನೋ?" ಎಂದಳು ಅಮ್ಮ. ಅಷ್ಟು ಸಣ್ಣ ಧ್ವನಿಯಲ್ಲಿ ಅವಳು ಮಾತಾಡಿದ್ದನ್ನು ನಾನು ಕೇಳಿಯೇ ಇರಲಿಲ್ಲ. "ಗೊತ್ತಿತ್ತೇನೋ ನಿಂಗೆ?"

ತಮ್ಮ ಮಂಚದ ತುದಿಯಲ್ಲಿ ಕುಸಿದು ಕೂತ. "ಮತ್ತೆ ಸುತ್ತಿಸಬೇಕು ಅಂದ್ರೆ ಅಡುಗೆಮನೆ ಎಷ್ಟೋ ದಿನ ಮುಚ್ಚಬೇಕಿತ್ತಮ್ಮ. ಆಗಷ್ಟೇ ಜನ ಬರಕ್ಕೆ ಶುರುವಾಗಿತ್ತು. ಚಳಿಗಾಲ ಒಂದು ಕಳೀಲಿ ಅಂತಿದ್ದೆ." ತಲೆಯೆತ್ತಿ ಅವಳನ್ನೇ ನೋಡಿದ. "ನೀನು ನಿದ್ದೆ ಮಾಡ್ತಿದ್ದೆಯಲ್ಲಮ್ಮ. ಅಷ್ಟು ಚೆನ್ನಾಗಿ ನಿದ್ದೆ ಮಾಡ್ತಿದ್ದೆ."

ಬೆಂಕಿ ಬಿದ್ದ ಮೇಲೆ ನಾವು ಮಾಲೀಕರನ್ನು ಕೇಳುವ ಪ್ರಶ್ನೆ ಯಾವಾಗಲೂ ಇದೇ, ನಿಮಗೆ ಗೊತ್ತಿತ್ತಾ? ಗೊತ್ತಿರಲಿಲ್ಲ ಎನ್ನುತ್ತಾರೆ ಎಲ್ಲರೂ. ಸುಳ್ಳಾದರೂ ಅದನ್ನು ಬರೆದುಕೊಂಡು ಹೊರಗೆ ಬಂದು ಉಸಿರಾಡುತ್ತೇವೆ. ಗೊತ್ತಿದ್ದವನೊಬ್ಬ ಇಷ್ಟು ಪ್ರೀತಿಯಿಂದ ಮುಖ ಎತ್ತಿ ಉತ್ತರ ಕೊಟ್ಟದ್ದನ್ನು ನಾನು ನೋಡಿರಲಿಲ್ಲ. ಅವನು ಅಮ್ಮನನ್ನು ಪ್ರೀತಿಸುತ್ತಿದ್ದ, ಅದರಲ್ಲಿ ಎರಡು ಮಾತಿಲ್ಲ. ಆ ಗೋಡೆಗೆ ಅವಳನ್ನು ಒರಗಿಸಿ, ಕೆಳಗೆ ಹೋಗಿ ಒಲೆ ಹೊತ್ತಿಸುತ್ತಿದ್ದ, ಅದರಲ್ಲೂ ಎರಡು ಮಾತಿಲ್ಲ. ನನ್ನ ಜೊತೆ ಒಂದೇ ತಟ್ಟೆಯಲ್ಲಿ ಉಂಡು ಬೆಳೆದವನು ಇವನೇನಾ ಎಂದು ನೋಡುತ್ತ ನಿಂತೆ.

ಅಮ್ಮ ಎದ್ದಳು. ಯಾರೂ ಎಬ್ಬಿಸಲಿಲ್ಲ. ನಾನು ಚಾಚಿದ ಕೈ ಹಿಡಿಯಲಿಲ್ಲ, ಮಗ ಚಾಚಿದ ಕೈಯನ್ನು ನೋಡಲೂ ಇಲ್ಲ. ಮೆಟ್ಟಿಲ ಕಂಬಿ ಹಿಡಿದು, ಒಂದು ಮೆಟ್ಟಿಲಿಗೆ ಎರಡೂ ಕಾಲು ಇಟ್ಟು, ನಿಂತು, ಮತ್ತೊಂದಕ್ಕೆ ಇಳಿದು, ಹೋಟೆಲಿನ ಮುಂದೆ ಜನ ಕಾಯುವ ಬೆಂಚಿಗೆ ಹೋಗಿ ಕೂತಳು. ಊಟ ಯಾಕೆ ಬರುತ್ತಿಲ್ಲ ಎಂದು ಗೊಣಗುತ್ತಿದ್ದವರು ಜಾಗ ಬಿಟ್ಟುಕೊಟ್ಟರು. ಅವಳ ಮೈಮೇಲೆ ತೆಳುವಾದ ಮನೆಯುಡುಪು ಬಿಟ್ಟರೆ ಏನೂ ಇರಲಿಲ್ಲ.

ತಮ್ಮನ ಹೆಂಡತಿ ನನ್ನ ಫೋನು ತೆಗೆದುಕೊಂಡು ಮೂಗಣ್ಣನವರಿಗೆ ತಾನೇ ಹೇಳಿದಳು. ಹೊದಿಕೆ ತೆಗೆದಿದೆ, ಕ್ಲೀನ್ ಮಾಡಿಲ್ಲ, ಒಲೆ ಆರಿಸಿದೀವಿ, ಬಂದು ನೋಡಿ ಸಾರ್. ಅವರು, ಅವತ್ತು ನಾನು ಮೆಟ್ಟಿಲು ಹತ್ತಬೇಕಿತ್ತಮ್ಮ ಎಂದರಂತೆ. ಫೋನು ನನಗೆ ಕೊಟ್ಟು ಅವಳೂ ಹೊರಗೆ ಬಂದು ಬೆಂಚಿನ ಇನ್ನೊಂದು ತುದಿಯಲ್ಲಿ ಕೂತಳು. ಅವಳೂ ಚಳಿಗೆ ನಡುಗುತ್ತಿದ್ದಳು.

ತಮ್ಮ ತನ್ನ ದಪ್ಪ ಕೋಟು ಹಿಡಿದು ಓಡಿ ಬಂದ. ಅಮ್ಮನ ಮುಂದೆ ಮಂಡಿಯೂರಿ ಕೂತು, ಅವಳ ಹೆಗಲಿಗೆ ಹೊದಿಸಲು ಹೋದ. ಅಮ್ಮ ಅದನ್ನು ಎರಡೂ ಕೈಯಿಂದ ತಡೆದಳು.

"ಹೋಗಿ ನಿನ್ನ ಹೆಂಡ್ತಿಗೆ ಹೊದಿಸು," ಎಂದಳು.

ಅವನು ಕೋಟು ಹಿಡಿದುಕೊಂಡೇ ಬೆಂಚಿನ ಆ ತುದಿಯ ಕಡೆ ತಿರುಗಿದ. ಅವಳು ಬೀದಿಯ ಕಡೆ ನೋಡುತ್ತಿದ್ದಳು. ಅವನು ಅಲ್ಲಿಯವರೆಗೆ ಹೋಗಲಿಲ್ಲ.